ಗೋಡೆಯ ಪಕ್ಕದ ಕಲ್ಲು

ಹೋದ ದೀಪಾವಳಿಗೆ ದೊಡ್ಡವ್ವನ ಮನೆಗೆ ಹೋಗುವಾಗ ಒಂದು ಫೋಟೋಕ್ಕೆ ಕಟ್ಟು ಹಾಕಿಸಿಕೊಂಡು ಹೋಗಿದ್ದೆ. ಮುಳುಗಡೆಯಾದ ಬಾಗಲಕೋಟೆಯವರಿಗಾಗಿ ಕಟ್ಟಿದ ನವನಗರದಲ್ಲಿ ಅವರು ಮೊದಲ ಸಲ ಕಟ್ಟಿಸಿದ ಮನೆಯ ಫೋಟೋ. ಆ ಮನೆ ಈಗ ಇಲ್ಲ. ಅಣ್ಣ ಅದನ್ನು ಕೆಡವಿಸಿ ಅದೇ ಪ್ಲಾಟಿನಲ್ಲಿ ಮೂರು ಅಂತಸ್ತು ಎಬ್ಬಿಸಿದ್ದಾನೆ. ಮಕ್ಕಳು ದೊಡ್ಡವರಾಗಿದ್ದರು, ಜಾಗ ಸಾಲುತ್ತಿರಲಿಲ್ಲ, ಅವನದೇನೂ ತಪ್ಪಿಲ್ಲ. ಆದರೆ ದೊಡ್ಡವ್ವ ಎರಡು ಮೂರು ಸಲ ಕೇಳಿದ್ದಳು, "ಹಳೇ ಮನೀದು ನಿನ್ನ ಕಡೆ ಫೋಟೋ ಇರಬೇಕಲ್ಲ?" ಇತ್ತು. 2016ರ ಶ್ರಾವಣದಲ್ಲಿ ತೆಗೆದದ್ದು. ನಾನು ತೆಗೆದ ಚಿತ್ರಗಳಲ್ಲಿ ಇದೇ ಒಳ್ಳೆಯದು ಅಂತ ಬಹಳ ದಿನ ನಂಬಿದ್ದೆ.

ದೊಡ್ಡವ್ವ ಸೆರಗಿನಿಂದ ಚಷ್ಮಾ ಒರೆಸಿಕೊಂಡು ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಭಾಳ ಚಂದ ಬಂದೈತಿ. ಹೊಸಾ ಮನಿ ಕಂಡಂಗ ಕಾಣತೈತಿ" ಅಂದಳು. ಆಮೇಲೆ ತೋರುಬೆರಳನ್ನು ಗಾಜಿನ ಮೇಲಿಟ್ಟು ಗೋಡೆಯ ಬುಡದ ಗುಂಟ ಎಳೆಯುತ್ತ ಹೋದಳು. ಮೂಲೆಗೆ ಬಂದು ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಎಳೆದಳು.

"ಇಲ್ಲಿ ನನ್ನ ಕಲ್ಲಿತ್ತಲ್ಲ ತಮ್ಮಾ. ಎಲ್ಲೈತಿ?"

ಅದನ್ನು ನಾನು ಚಿತ್ರದಿಂದ ತೆಗೆದುಬಿಟ್ಟಿದ್ದೆ. ಅದು ಅರಿವೆ ಒಗೆಯುವ ಕಲ್ಲು. ಮೊಣಕಾಲೆತ್ತರದ ಕರಿ ಕಲ್ಲು. ಹಳೇ ಬಾಗಲಕೋಟೆಯ ನಮ್ಮ ಮನೆಯ ಹಿತ್ತಲಲ್ಲಿ ಇದ್ದದ್ದು. ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರು ಮುಳುಗಡೆ ಆದಾಗ ಜನ ಬಾಗಿಲು, ಚೌಕಟ್ಟು, ತೊಲೆ, ಜಂತಿ, ನೆಲದ ಪರಸಿ ಎಲ್ಲ ಕಿತ್ತುಕೊಂಡು ಬಂದರು. ದೊಡ್ಡವ್ವ ಈ ಕಲ್ಲು ಬಿಟ್ಟು ಬರೋದಿಲ್ಲ ಅಂತ ಹಟ ಹಿಡಿದು ಟ್ರ್ಯಾಕ್ಟರಿಗೆ ಏರಿಸಿಕೊಂಡು ಬಂದಳು. ಅವಳ ಅತ್ತೆ ಒಗೆದ ಕಲ್ಲು, ಅವಳೂ ಒಗೆದ ಕಲ್ಲು. ನಡುವೆ ಸವೆದು ಪರಾತದ ಹಾಗೆ ತಗ್ಗಾಗಿತ್ತು. ನವನಗರದ ಪ್ಲಾಟಿನಲ್ಲಿ ಹಿತ್ತಲು ಅಂತ ಇರಲಿಲ್ಲ. ಹಾಗಾಗಿ ಅದು ಮುಂದಿನ ಗೋಡೆಯ ಪಕ್ಕಕ್ಕೆ ಬಂದು ಕೂತಿತು. ನನ್ನ ಚಿತ್ರದಲ್ಲಿ ಆ ಗೋಡೆಯ ಬುಡದ ಗೆರೆ ಈ ತುದಿಯಿಂದ ಆ ತುದಿಗೆ ದಾರ ಹಿಡಿದ ಹಾಗೆ ಹೋಗಬೇಕಿತ್ತು. ಕಲ್ಲು ನಡುವೆ ಅಡ್ಡ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಪಕ್ಕದ್ದನ್ನು ತಂದು ಮೆತ್ತುವ ಕ್ಲೋನ್ ಸ್ಟಾಂಪ್ ಹಿಡಿದು ಇಪ್ಪತ್ತು ನಿಮಿಷ ಕೂತು ತೆಗೆದೆ. ಅಲ್ಲೊಂದು ಕಲ್ಲಿತ್ತು ಅಂತ ಯಾರಿಗೂ ಗೊತ್ತಾಗದ ಹಾಗೆ ತೆಗೆದೆ. ಅವತ್ತು ಆ ಕೈಕೆಲಸದ ಬಗ್ಗೆ ಹೆಮ್ಮೆಯೂ ಆಗಿತ್ತು.

ಮನೆ ಕೆಡವುವಾಗ ದೊಡ್ಡವ್ವ ಜಮಖಂಡಿಗೆ ಮಗಳ ಮನೆಗೆ ಹೋಗಿದ್ದಳು. ತಿರುಗಿ ಬರುವಷ್ಟರಲ್ಲಿ ಜೆಸಿಬಿ ಎಲ್ಲವನ್ನೂ ಟಿಪ್ಪರಿಗೆ ತುಂಬಿ ಜಾಗ ಸಪಾಟು ಮಾಡಿತ್ತು. ಕಲ್ಲು ಆ ಮಣ್ಣಿನ ಜೊತೆ ಎಲ್ಲಿಗೋ ಹೋಯಿತು. ನನ್ನ ಹತ್ತಿರ ಮೂಲ ಫೈಲ್ ಆದರೂ ಉಳಿದಿದೆಯಾ ಅಂದರೆ, ಅದೂ ಇಲ್ಲ. ಆಗ ನನಗಿದ್ದದ್ದು ಒಂದೇ ಹಾರ್ಡ್ ಡಿಸ್ಕ್. ಮದುವೆ ಸೀಸನ್ನಿಗೆ ಜಾಗ ಬೇಕಾಗಿ ರಾ ಫೈಲುಗಳನ್ನು ಅಳಿಸಿ, ಎಡಿಟ್ ಆದ ಜೆಪೆಗ್ ಮಾತ್ರ ಇಟ್ಟುಕೊಂಡಿದ್ದೆ.

ದೊಡ್ಡವ್ವ ಬೈಯಲಿಲ್ಲ. "ಇರಲಿ ಬಿಡು, ಮನೀ ಕಾಣತೈತಲ್ಲ" ಅಂತ ಕರ್ಚಿಕಾಯಿ ತಟ್ಟೆ ಮುಂದಿಟ್ಟಳು. ಬೈದಿದ್ದರೆ ಚಲೋ ಇತ್ತು. ಅವತ್ತಿನಿಂದ ನಾನು ಎಡಿಟಿಂಗಿಗೆ ಕೂತಾಗಲೆಲ್ಲ ಗಾಜಿನ ಮೇಲೆ ಹರಿದಾಡಿದ ಆ ಬೆರಳು ನೆನಪಾಗುತ್ತದೆ.

ಯಾರೂ ಕ್ಯಾಮೆರಾ ಎತ್ತದ ಊರು

ನಮ್ಮ ಜಿಲ್ಲೆಗೆ ಕ್ಯಾಮೆರಾ ಹಿಡಿದು ಬರುವವರು ಬಾದಾಮಿಗೆ ಹೋಗುತ್ತಾರೆ, ಐಹೊಳೆಗೆ ಹೋಗುತ್ತಾರೆ, ಪಟ್ಟದಕಲ್ಲಿಗೆ ಹೋಗುತ್ತಾರೆ. ದಾರಿಯಲ್ಲಿ ನವನಗರದ ಬಸ್ ನಿಲ್ದಾಣದಲ್ಲಿ ಇಳಿದು ಚಹಾ ಕುಡಿದು ಮುಂದಕ್ಕೆ ಸಾಗುತ್ತಾರೆ. ಅವರು ತಪ್ಪು ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಬಾದಾಮಿಯ ಕೆಂಪು ಬಂಡೆಯ ಮೇಲೆ ಸಂಜೆ ಬಿಸಿಲು ಬಿದ್ದಾಗ ಯಾರ ಕೈಯಾದರೂ ಕ್ಯಾಮೆರಾದ ಕಡೆ ಹೋಗುತ್ತದೆ. ಆದರೆ ನಾನು ಬೆಳೆದದ್ದು ಈ ಸೆಕ್ಟರುಗಳ ನಡುವೆ. ಹಳೇ ಊರು ಬಿಟ್ಟಾಗ ನನಗೆ ಎಂಟು ವರ್ಷ. ಓಣಿಯ ಹೆಸರು ಹೇಳುತ್ತಿದ್ದವರು ಸೆಕ್ಟರ್ ನಂಬರು ಹೇಳಲು ಕಲಿತದ್ದನ್ನು ಕಣ್ಣಾರೆ ನೋಡಿದ್ದೇನೆ. ನೇರ ರಸ್ತೆ, ತಗ್ಗು ಮನೆಗಳು, ಕಾಂಕ್ರೀಟ್ ಛಜ್ಜಾದ ಕೆಳಗೆ ಬೀಳುವ ಗಟ್ಟಿ ನೆರಳು, ಮೆಟ್ಟಿಲ ಪಕ್ಕದ ಸಿಮೆಂಟ್ ಜಾಲಿ. ಅದರ ತೂತುಗಳಿಂದ ಹತ್ತು ಗಂಟೆಯ ಬಿಸಿಲು ನೆಲದ ಮೇಲೆ ಬೀಳುವುದನ್ನು ನೋಡುತ್ತ ನಾನು ಎಷ್ಟೋ ರಜೆ ಕಳೆದಿದ್ದೇನೆ. ನನ್ನ ಮಟ್ಟಿಗೆ ಆಧುನಿಕ ವಾಸ್ತುಶಿಲ್ಪ ಅಂದರೆ ಇದು.

ನವನಗರದ ಯೋಜನೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈ ಇತ್ತು ಅಂತ ನನಗೆ ಗೊತ್ತಾದದ್ದು ಬಹಳ ತಡವಾಗಿ. ಸಾಬರಮತಿಯ ಗಾಂಧಿ ಸ್ಮಾರಕ ಸಂಗ್ರಹಾಲಯ, ಮುಂಬೈನ ಕಾಂಚನಜುಂಗಾ ಅಪಾರ್ಟ್‌ಮೆಂಟ್, ಜೈಪುರದ ಜವಾಹರ ಕಲಾ ಕೇಂದ್ರ ರೂಪಿಸಿದವರು. ಅಂಥವರು ನಮ್ಮ ಊರಿನ ನಕ್ಷೆಯ ಮೇಲೂ ಯೋಚಿಸಿದ್ದರು ಅಂದ ತಕ್ಷಣ ಮೈಯಲ್ಲಿ ಒಂದು ಹುರುಪು ಬಂತು. ಸ್ಟುಡಿಯೋದಲ್ಲಿ ವಾರವೆಲ್ಲ ಮದುವೆ ಆಲ್ಬಮ್ ಮಾಡುವುದು, ಭಾನುವಾರ ಬೆಳಗ್ಗೆ ಟ್ರೈಪಾಡ್ ಹೊತ್ತು ಸೆಕ್ಟರ್ ಸುತ್ತುವುದು. ಜಿಲ್ಲಾಡಳಿತ ಭವನ, ನೀರಿನ ಟಾಕಿ, ವಿದ್ಯಾಗಿರಿಯ ಕಾಲೇಜು ಕಟ್ಟಡಗಳು, ಸುಮ್ನೆ ಯಾರದೋ ಮನೆಯ ಕಾಂಪೌಂಡ್. ಎಷ್ಟೋ ಮಂದಿ ಬಾಗಿಲಿಗೆ ಬಂದು "ಯಾಕ್ರಿ, ಸರ್ವೇ ಮಾಡಾಕ ಬಂದೀರೇನು?" ಅಂತ ಕೇಳಿದ್ದಾರೆ. ಮುಳುಗಡೆ ಊರಿನವರು ನಾವು. ಅಳತೆ ಮಾಡುವವರನ್ನು ಕಂಡರೆ ಇನ್ನೂ ಎದೆ ಡವಗುಡುತ್ತದೆ. ಫೋಟೋ ತೋರಿಸಿದ ಮೇಲೆ ಒಳಗೆ ಕರೆದು ನೀರು ಕೊಡುತ್ತಾರೆ.

ಗೆರೆ ನೆಟ್ಟಗೆ ನಿಲ್ಲಿಸುವುದು

ಕಟ್ಟಡದ ಫೋಟೋ ತೆಗೆಯುವವರಿಗೆ ಮೊದಲು ಎದುರಾಗುವ ಕಷ್ಟ ವಾಲುವ ಗೋಡೆ. ಎತ್ತರದ ಕಟ್ಟಡದ ಮುಂದೆ ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಸಾಕು, ಎರಡೂ ಕಡೆಯ ಗೋಡೆಗಳು ಮೇಲೆ ಹೋಗುತ್ತ ಹತ್ತಿರ ಬರುತ್ತವೆ. ಕಟ್ಟಡ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಗೋಡೆಗೆ ಸಮಾನಾಂತರವಾಗಿ ಇಲ್ಲದಿದ್ದರೆ ಹೀಗಾಗುತ್ತದೆ, ಇದರಲ್ಲಿ ಲೆನ್ಸಿನ ತಪ್ಪಿಲ್ಲ. ನಮ್ಮ ಕಣ್ಣಿಗೂ ಹಾಗೇ ಕಾಣಬೇಕು. ಆದರೆ ಗೋಡೆ ನೆಟ್ಟಗೆ ಇರುತ್ತದೆ ಅಂತ ತಲೆಗೆ ಗೊತ್ತಿರುವುದರಿಂದ ನೋಡುವಾಗಲೇ ತಿದ್ದಿಕೊಳ್ಳುತ್ತೇವೆ. ಕಾಗದದ ಮೇಲೆ ಬಂದಾಗ ಮಾತ್ರ ಆ ತಿದ್ದುಪಡಿ ನಡೆಯುವುದಿಲ್ಲ.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಮದ್ದು ಕ್ಯಾಮೆರಾ ಎತ್ತದೇ ಇರುವುದು. ದೂರ ಹೋಗಬೇಕು, ಇಲ್ಲವೇ ಎದುರು ಮನೆಯ ಮಾಳಿಗೆ ಹತ್ತಬೇಕು. ಕಟ್ಟಡದ ಅರ್ಧ ಎತ್ತರಕ್ಕೆ ನಿಂತು ಕ್ಯಾಮೆರಾ ಮಟ್ಟಸ ಇಟ್ಟರೆ ಗೆರೆಗಳು ತಾವೇ ನೆಟ್ಟಗೆ ನಿಲ್ಲುತ್ತವೆ. ಎದುರು ಮನೆಯವರನ್ನು ಮಾತಾಡಿಸುವುದು ಹಾಗಾಗಿ ಈ ಕೆಲಸದ ದೊಡ್ಡ ಭಾಗ. ಶಿಫ್ಟ್ ಲೆನ್ಸ್ ಅಂತ ಇನ್ನೊಂದು ದಾರಿ ಇದೆ. ಕ್ಯಾಮೆರಾ ಅಲುಗಿಸದೆ ಲೆನ್ಸನ್ನೇ ಮೇಲಕ್ಕೆ ಸರಿಸಬಹುದು. ನಿಕಾನ್ 1960ರ ದಶಕದ ಆರಂಭದಲ್ಲೇ ಇಂಥದ್ದನ್ನು ಸಣ್ಣ ಕ್ಯಾಮೆರಾಗಳಿಗೆ ತಂದಿತ್ತು. ಆದರೆ ಅದರ ಬೆಲೆಗೆ ನಮ್ಮಂಥ ಸ್ಟುಡಿಯೋದವರು ಎರಡು ಮದುವೆ ಸೀಸನ್ ದುಡಿಯಬೇಕು. ಉಳಿದದ್ದು ಸಾಫ್ಟ್‌ವೇರ್. ಲೈಟ್‌ರೂಮಿನಲ್ಲಿ 2013ರಲ್ಲಿ ತಾನೇ ಗೆರೆ ಹುಡುಕಿ ನೆಟ್ಟಗೆ ಮಾಡುವ ಸೌಲಭ್ಯ ಬಂತು. 2016ರಲ್ಲಿ ನಾವೇ ಗೋಡೆಯ ಅಂಚಿಗೆ ಗೆರೆ ಎಳೆದು "ಇದು ನೆಟ್ಟಗಿರಬೇಕು" ಅಂತ ಹೇಳುವ ಸೌಲಭ್ಯ ಬಂತು. ದೊಡ್ಡವ್ವನ ಮನೆಯ ಫೋಟೋ ತೆಗೆದದ್ದು ಅದು ಬಂದ ಹೊಸದರಲ್ಲೇ. ಆ ದಿನಗಳಲ್ಲಿ ಕಂಡ ಕಂಡದ್ದಕ್ಕೆಲ್ಲ ಗೆರೆ ಎಳೆದು ನೆಟ್ಟಗೆ ಮಾಡುತ್ತಿದ್ದೆ. ಒಂದು ಮಾತು ನೆನಪಿಡಬೇಕು. ಹೀಗೆ ತಿದ್ದಿದಾಗ ಚಿತ್ರದ ಮೂಲೆಗಳು ಕತ್ತರಿಸಿ ಹೋಗುತ್ತವೆ. ಹಾಗಾಗಿ ತೆಗೆಯುವಾಗಲೇ ಸುತ್ತ ಜಾಸ್ತಿ ಜಾಗ ಬಿಟ್ಟು ತೆಗೆಯಬೇಕು. ಎಷ್ಟು ಜನ ಇದನ್ನು ಮರೆತು ಪ್ಯಾರಾಪೆಟ್ಟಿನ ತುದಿ ಕಳೆದುಕೊಳ್ಳುತ್ತಾರೋ!

ಪೂರ್ತಿ ನೆಟ್ಟಗೆ ಮಾಡುವುದೂ ಸರಿಯಲ್ಲ ಅಂತ ನನಗೆ ಕಲಿಸಿದ್ದು ವಿಜಯಪುರ. ಅಲ್ಲಿ ಒಬ್ಬ ಎಂಜಿನಿಯರ್ ಕಟ್ಟಿಸಿದ ಆಸ್ಪತ್ರೆ ಕಟ್ಟಡದ ಫೋಟೋಕ್ಕೆ ಹೋದವನು, ಕೆಲಸ ಮುಗಿಸಿ ಗೋಳಗುಮ್ಮಟಕ್ಕೆ ಹೋದೆ. ಬಹಳ ಅಗಲ ಹಿಡಿಯುವ 16 ಎಂಎಂ ಲೆನ್ಸಿನಲ್ಲಿ ತೀರ ಹತ್ತಿರದಿಂದ ತೆಗೆದೆ. ಮನೆಗೆ ಬಂದು ನಾಲ್ಕು ಮೂಲೆಯ ಗೋಪುರಗಳಲ್ಲಿ ಕಾಣುತ್ತಿದ್ದ ಎರಡನ್ನು ನೂರಕ್ಕೆ ನೂರು ನೆಟ್ಟಗೆ ನಿಲ್ಲಿಸಿದೆ. ನೋಡಿದರೆ ಗುಮ್ಮಟ ಊದಿಕೊಂಡು ಮುಂದಕ್ಕೆ ಬಾಗಿದ ಹಾಗಿತ್ತು. 1656ರಿಂದ ಗಟ್ಟಿಯಾಗಿ ನಿಂತದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮೈಮೇಲೆ ಬೀಳುವ ಹಾಗೆ ಕಂಡಿತು. ನಾವು ಎತ್ತರದ್ದನ್ನು ತಲೆ ಎತ್ತಿ ನೋಡುತ್ತೇವೆ. ಆ ತಲೆ ಎತ್ತಿದ್ದು ಚಿತ್ರದಲ್ಲಿ ಸ್ವಲ್ಪ ಉಳಿಯಬೇಕು. ಈಗ ಎತ್ತರದ ಕಟ್ಟಡ ಆದರೆ ನೂರರಲ್ಲಿ ಎಂಬತ್ತರಷ್ಟು ತಿದ್ದಿ ಕೈ ಬಿಡುತ್ತೇನೆ. ಒಂದಂತಸ್ತಿನ ಮನೆಗೆ ಮಾತ್ರ ಪೂರ್ತಿ.

ನಮ್ಮ ಊರಿನ ಬೂದು ಬಣ್ಣ

ಕಾಂಕ್ರೀಟ್ ಅಂದರೆ ಬೂದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಒಂದು ದಿನ ಪೂರ್ತಿ ಒಂದೇ ಗೋಡೆಯ ಮುಂದೆ ಕೂತು ನೋಡಿ. ಬೆಳಗ್ಗೆ ಏಳಕ್ಕೆ ಅದು ಬೆಲ್ಲದ ನೀರಿನ ಬಣ್ಣ. ಹನ್ನೊಂದಕ್ಕೆ ಬಿಳಿ. ಛಜ್ಜಾದ ತಳಕ್ಕೆ ಕೆಳಗಿನ ಕೆಂಪು ಮಣ್ಣು ಬೆಳಕನ್ನು ಎರಚಿ ನಸುಗೆಂಪು ಬಳಿಯುತ್ತದೆ. ಅದೇ ಹೊತ್ತಿಗೆ ನೆರಳಿರುವ ಬದಿ ಆಕಾಶದ ನೀಲಿ ಕುಡಿದಿರುತ್ತದೆ. ಕ್ಯಾಮೆರಾಕ್ಕೆ ಇದು ತಲೆನೋವು. ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ಸರಿದೂಗಿಸುವ ಆಟೋ ವೈಟ್ ಬ್ಯಾಲೆನ್ಸ್‌ಗೆ ಬಿಟ್ಟರೆ ಕೆಂಪು ಜಾಸ್ತಿ ಆಯ್ತು ಅಂತ ತಾನೇ ತಿಳಿದು ಇಡೀ ಚಿತ್ರಕ್ಕೆ ತಣ್ಣಗಿನ ನೀಲಿ ಬೆರೆಸುತ್ತದೆ. ಆಗ ಬಾಗಲಕೋಟೆಯ ಗೋಡೆ ಯಾವುದೋ ಚಳಿ ದೇಶದ ಗೋಡೆ ಆಗುತ್ತದೆ.

ಅದಕ್ಕೆ ನಾನು ಗ್ರೇ ಕಾರ್ಡ್ ಇಟ್ಟುಕೊಂಡಿರುತ್ತೇನೆ. ಬೀಳುವ ಬೆಳಕಿನಲ್ಲಿ ನೂರಕ್ಕೆ 18ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುವ, ಯಾವ ಬಣ್ಣವೂ ಬೆರೆಯದ ಬೂದು ಹಲಗೆ. ಪ್ರತಿ ಜಾಗದಲ್ಲಿ ಮೊದಲು ಅದನ್ನು ಬೆಳಕಿಗೆ ಇಟ್ಟು ಒಂದು ಫ್ರೇಮ್ ತೆಗೆದುಕೊಳ್ಳುತ್ತೇನೆ. ಎಡಿಟ್ ಮಾಡುವಾಗ ಆ ಹಲಗೆಯ ಮೇಲೆ ಒತ್ತಿದರೆ ಆ ಹೊತ್ತಿನ ಬಣ್ಣ ತಾನೇ ಸರಿಹೋಗುತ್ತದೆ. ಆದರೆ ಅಲ್ಲಿಗೇ ಬಿಟ್ಟರೆ ಬೆಳಗ್ಗೆಯ ಬೆಲ್ಲದ ಬಣ್ಣವೂ ಹೋಗಿಬಿಡುತ್ತದೆ, ಅಲ್ವಾ? ಹಾಗಾಗಿ ಕಾರ್ಡ್ ಹೇಳಿದ್ದು ಎಲ್ಲಿ ಅಂತ ನೋಡಿಕೊಂಡು, ಅಲ್ಲಿಂದ ಸ್ವಲ್ಪ ಬೆಚ್ಚಗಿನ ಕಡೆಗೆ ಸರಿಯುತ್ತೇನೆ. ಎಷ್ಟು ಸರಿಯಬೇಕು ಅನ್ನೋದು ನೆನಪಿಗೆ ಬಿಟ್ಟದ್ದು. ಈ ಕಾರ್ಡ್ ಇಟ್ಟ ಫ್ರೇಮುಗಳನ್ನೆಲ್ಲ ನಾನು ಮೊದಲಿನಿಂದಲೂ ಬೇರೆ ಫೋಲ್ಡರಿನಲ್ಲಿ, ತಿಂಗಳ ಪ್ರಕಾರ ಹಾಕಿ ಇಟ್ಟಿದ್ದೇನೆ. ಚೈತ್ರದ ಬಿಸಿಲಿನಲ್ಲಿ ಎಷ್ಟು ಧೂಳು, ಮೃಗಶಿರ ಮಳೆ ಬಿದ್ದ ಮಾರನೆಯ ದಿನ ಆಕಾಶ ಎಷ್ಟು ತಿಳಿ, ಎಲ್ಲ ಅದರಲ್ಲಿ ಸಿಗುತ್ತದೆ.

ಬೇಸಿಗೆಯ ನಡುಹಗಲು ಕಾಂಕ್ರೀಟಿಗೆ ಆಗಿ ಬರುವುದಿಲ್ಲ. ಬಿಸಿಲಿಗೂ ನೆರಳಿಗೂ ಅಂತರ ತೀರ ಜಾಸ್ತಿ. ಆಗ ಮೂರು ಫ್ರೇಮ್ ತೆಗೆದು ಕೂಡಿಸುವ ಪದ್ಧತಿ ಇದೆ: ಒಂದು ಸರಿಯಾದದ್ದು, ಒಂದು ಎರಡು ಸ್ಟಾಪ್ ಕಡಿಮೆ, ಒಂದು ಎರಡು ಸ್ಟಾಪ್ ಜಾಸ್ತಿ. ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು, ಇಲ್ಲವೇ ಅರ್ಧ. ನೆರಳಿನೊಳಗಿನದೂ ಕಾಣುತ್ತದೆ, ಆಕಾಶವೂ ಉಳಿಯುತ್ತದೆ. ನಾನೂ ಬಹಳ ಮಾಡಿದೆ. ಈಗ ಕಡಿಮೆ ಮಾಡಿದ್ದೇನೆ. ನಮ್ಮ ಕಡೆ ಜನ ಛಜ್ಜಾ ಕಟ್ಟಿಸುವುದೇ ನೆರಳಿಗಾಗಿ. ಆ ಕಪ್ಪನ್ನು ಎತ್ತಿ ಎತ್ತಿ ಬೂದಿ ಮಾಡಿದರೆ ಮನೆಯೊಳಗಿನ ತಂಪು ಚಿತ್ರದಿಂದ ಹೋಗಿಬಿಡುತ್ತದೆ. ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಷರ್ ದಂಪತಿ ನೀರಿನ ಟಾಕಿ, ಕಾರ್ಖಾನೆಗಳನ್ನು ದಶಕಗಟ್ಟಲೆ ಮೋಡ ಕವಿದ ದಿನಗಳಲ್ಲೇ ತೆಗೆದರು. ನೆರಳೇ ಬೀಳಬಾರದು, ಆಕಾರ ಮಾತ್ರ ಕಾಣಬೇಕು ಅಂತ. ಶ್ರಾವಣದಲ್ಲಿ ನಮ್ಮ ಟಾಕಿಗಳನ್ನು ನಾನು ಹಾಗೆ ತೆಗೆದು ನೋಡಿದ್ದೇನೆ. ಟಾಕಿಗೆ ಚೆನ್ನಾಗಿ ಒಪ್ಪಿತು. ಮನೆಗಳಿಗೆ ಒಪ್ಪಲಿಲ್ಲ. ನೆರಳಿಲ್ಲದ ಮನೆ ಒಳಗೆ ಜನ ಇಲ್ಲದ ಮನೆಯ ಹಾಗೆ ಕಂಡಿತು.

ಏನನ್ನು ತೆಗೆಯಬೇಕು

ಇಷ್ಟರ ತನಕ ಹೇಳಿದ್ದೆಲ್ಲ ಕ್ಯಾಮೆರಾ ಕೆಡಿಸಿದ್ದನ್ನು ತಿದ್ದುವ ಕೆಲಸ. ಇದರಲ್ಲಿ ನನಗೆ ಅನುಮಾನ ಇಲ್ಲ. ಗೋಡೆ ನೆಟ್ಟಗಿತ್ತು, ಕ್ಯಾಮೆರಾ ವಾಲಿಸಿತು, ನಾನು ನೆಟ್ಟಗೆ ಮಾಡಿದೆ. ಸೆನ್ಸರಿನ ಮೇಲೆ ಧೂಳು ಕೂತಿತ್ತು, ಅದರ ಚುಕ್ಕೆ ಆಕಾಶದಲ್ಲಿ ಬಂತು, ಒರೆಸಿದೆ. ಕಷ್ಟ ಶುರುವಾಗುವುದು ಅದರ ಮುಂದಿನ ಹೆಜ್ಜೆಯಲ್ಲಿ. ಕ್ಯಾಮೆರಾ ಸರಿಯಾಗಿಯೇ ಹಿಡಿದಿರುತ್ತದೆ. ಕಟ್ಟಡದ ಮುಂದೆ ಕರೆಂಟಿನ ವೈರು ಇರುತ್ತದೆ, ಮೇಲೆ ಕರಿ ಸಿಂಟೆಕ್ಸ್ ಇರುತ್ತದೆ, ಡಿಶ್ ಇರುತ್ತದೆ, ಹಗ್ಗದ ಮೇಲೆ ಇಳಕಲ್ ಸೀರೆ ಒಣಗುತ್ತಿರುತ್ತದೆ. ಕೈ ತಾನಾಗಿ ಬ್ರಷ್ಷಿನ ಕಡೆ ಹೋಗುತ್ತದೆ.

ದೀಪಾವಳಿ ಮುಗಿದ ವಾರ ನಾನು ಹತ್ತು ವರ್ಷದ ನವನಗರದ ಚಿತ್ರಗಳನ್ನೆಲ್ಲ ತೆರೆದು ಕೂತೆ. ಒಂದರ ಹಿಂದೆ ಒಂದು. ಚಂದ ಇವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದರಲ್ಲೂ ಸಿಂಟೆಕ್ಸ್ ಇಲ್ಲ. ಬಾಗಿಲ ಮುಂದೆ ಬಿಟ್ಟ ಚಪ್ಪಲಿ ಇಲ್ಲ. ಶೇಂಗಾ ಒಣಹಾಕಿದ ತಾಡಪತ್ರಿ ಇಲ್ಲ. ತುಳಸಿಕಟ್ಟೆಗಳು ಎರಡೋ ಮೂರೋ ಉಳಿದಿದ್ದವು, ಅವೂ ನೋಡಲು ಚೌಕಟ್ಟಾಗಿ ಇದ್ದುದಕ್ಕೆ. ಹಿನ್ನೀರಿಗೆ ಊರು ಬಿಟ್ಟು ಬಂದ ಸಾವಿರಾರು ಮನೆತನಗಳು ಇಲ್ಲಿ ಒಲೆ ಹೂಡಿದವು ಅಂತ ಆ ಚಿತ್ರಗಳನ್ನು ನೋಡಿ ಯಾರೂ ಹೇಳಲಾರರು. ಎಲ್ಲ ನಿನ್ನೆ ಕಟ್ಟಿ ಬೀಗ ಹಾಕಿದ ಹಾಗಿವೆ.

ಎಡಿಟಿಂಗ್ ಅನ್ನೋದು ಕಂಪ್ಯೂಟರ್ ಬಂದ ಮೇಲೆ ಬಂದ ರೋಗ ಅಂತ ಕೆಲವರು ಹೇಳುತ್ತಾರೆ. ಅದು ನಿಜವಲ್ಲ. ಅಮೆರಿಕದ ಫೋಟೋಗ್ರಾಫರ್ ಜೂಲಿಯಸ್ ಶುಲ್ಮನ್ 1960ರಲ್ಲಿ ಲಾಸ್ ಏಂಜಲೀಸ್ ಮೇಲಿನ ಗುಡ್ಡದಲ್ಲಿ ತೆಗೆದ ಗಾಜಿನ ಮನೆಯ ಚಿತ್ರ ಜಗತ್ತಿಗೇ ಗೊತ್ತು. ಕೆಳಗಿನ ನಗರದ ದೀಪಗಳಿಗಾಗಿ ಶಟರ್ ನಿಮಿಷಗಟ್ಟಲೆ ತೆರೆದಿಟ್ಟು, ಆಮೇಲೆ ಒಳಗೆ ಕೂತ ಹೆಣ್ಣುಮಕ್ಕಳಿಗಾಗಿ ಫ್ಲಾಶ್ ಹೊಡೆದ. ಯಾವ ಕಣ್ಣೂ ಒಂದೇ ಕ್ಷಣದಲ್ಲಿ ನೋಡಿರದ ದೃಶ್ಯ ಅದು. ಇನ್ನೊಬ್ಬ ಫೋಟೋಗ್ರಾಫರ್ ಲೂಸಿಯೆನ್ ಎರ್ವೆ 1949ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್‌ಗೆ ಹೋಗಿ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಕಟ್ಟಿಸುತ್ತಿದ್ದ ವಸತಿ ಕಟ್ಟಡದ 650 ಫೋಟೋಗಳನ್ನು ಒಂದೇ ದಿನ ತೆಗೆದ. ಆತ ಪ್ರಿಂಟುಗಳನ್ನು ಕತ್ತರಿಯಿಂದ ಕತ್ತರಿಸಿ, ಬೇಡದ್ದನ್ನೆಲ್ಲ ಉದುರಿಸಿ, ಒಂದು ಮೂಲೆ ಒಂದು ನೆರಳು ಮಾತ್ರ ಉಳಿಸುತ್ತಿದ್ದ. ನನಗೆ ಎರ್ವೆ ಬಹಳ ಇಷ್ಟ. ಕತ್ತರಿಸುವುದಕ್ಕೂ ಒಳಗಿನಿಂದ ಅಳಿಸುವುದಕ್ಕೂ ಬಹಳ ವ್ಯತ್ಯಾಸ ಇದೆ ಅಂತ ಈಗ ಅನಿಸುತ್ತದೆ. ಕತ್ತರಿಸಿದ ಚಿತ್ರ ನೋಡಿದವರಿಗೆ ಆಚೆ ಇನ್ನೂ ಏನೋ ಇದೆ ಅಂತ ಗೊತ್ತಿರುತ್ತದೆ. ಅಳಿಸಿದ ಚಿತ್ರ ಅಲ್ಲಿ ಏನೂ ಇರಲಿಲ್ಲ ಅಂತ ಹೇಳುತ್ತದೆ.

ಅಳಿಸುವುದು ಈಗ ಎಷ್ಟು ಸುಲಭ ಆಗಿದೆ ಅಂದರೆ, 2023ರಿಂದ ಫೋಟೋಶಾಪಿನಲ್ಲಿ ಬೇಡದ್ದರ ಸುತ್ತ ಗೆರೆ ಹಾಕಿದರೆ ಸಾಕು, ಅದು ಹೋಗಿ ಅದರ ಜಾಗಕ್ಕೆ ಬೇರೆ ಏನೋ ಹುಟ್ಟಿಕೊಳ್ಳುತ್ತದೆ. ಕ್ಷಣದ ಕೆಲಸ. ಹಳೆಯ ರೀತಿಯಲ್ಲಾದರೂ ನಾನು ಆ ಕಲ್ಲನ್ನು ಇಪ್ಪತ್ತು ನಿಮಿಷ ದೊಡ್ಡದು ಮಾಡಿ ನೋಡಿದ್ದೆ. ಅದರ ಮೇಲಿನ ಸಬಕಾರದ ಬಿಳಿ ಕಲೆ ನೋಡಿದ್ದೆ. ಅದರ ಅಂಚಿನ ಒಂದೊಂದೇ ಚುಕ್ಕಿಯ ಮೇಲೆ ಪಕ್ಕದ ಗೋಡೆ ತಂದು ಮೆತ್ತಿದ್ದೆ. ಅಷ್ಟು ಹೊತ್ತು ನೋಡಿಯೂ ಇದು ದೊಡ್ಡವ್ವನ ಕಲ್ಲು ಅಂತ ಕೈ ತಡೆಯಲಿಲ್ಲ. ಈ ಮಾತು ನನಗೆ ಇನ್ನೂ ನೋವು ಕೊಡುತ್ತದೆ.

ಇನ್ನೂ ಒಂದನ್ನು ಅಳಿಸಿದ್ದೆ. ಆ ಮನೆ ಒಂದೇ ಸಲ ಎದ್ದ ಮನೆ ಅಲ್ಲ. ಪರಿಹಾರದ ದುಡ್ಡಿನಲ್ಲಿ ಮೊದಲು ಎರಡು ಕೋಣೆ. ಮೂರು ವರ್ಷ ಬಿಟ್ಟು ಅಡಿಗೆಮನೆ. ಒಂದು ವರ್ಷ ಕಬ್ಬಿನ ಬಿಲ್ಲು ಚೆನ್ನಾಗಿ ಬಂತು ಅಂತ ಹೊರಗಡೆಯಿಂದ ಮೆಟ್ಟಿಲು. ಮುಂದಿನ ಗೋಡೆಯಲ್ಲಿ ಹಳೆ ಪ್ಲಾಸ್ಟರಿಗೆ ಹೊಸ ಪ್ಲಾಸ್ಟರ್ ಕೂಡಿದ ಕಡೆ ಮೇಲಿಂದ ಕೆಳಗಿನ ತನಕ ಒಂದು ಗೆರೆ ಇತ್ತು. ಒಂದು ಕಡೆ ತಿಳಿ, ಒಂದು ಕಡೆ ಗಾಢ. ಗಿಲಾಯಿ ಮಾಡಿದ ಗೌಂಡಿಯ ಕೈ ಬದಲಾದದ್ದೂ ಗೊತ್ತಾಗುತ್ತಿತ್ತು. ಹಳೆ ಭಾಗದಲ್ಲಿ ಕೈಯ ಗುರುತು ಅರ್ಧಚಂದ್ರದ ಹಾಗೆ, ಹೊಸದರಲ್ಲಿ ಅಡ್ಡ ಅಡ್ಡ. ನಾನು ಎರಡನ್ನೂ ಒಂದೇ ಬಣ್ಣಕ್ಕೆ ತಂದು ಗೆರೆಯನ್ನು ಉಜ್ಜಿಬಿಟ್ಟೆ. ಕೊರಿಯಾ ಅವರ ಶುದ್ಧ ಆಧುನಿಕ ನಗರ ಕಾಣಬೇಕು ಅನ್ನೋ ಹುರುಪು ನನ್ನದು. ಆದರೆ ಅದೇ ಕೊರಿಯಾ 1980ರ ದಶಕದಲ್ಲಿ ನವಿ ಮುಂಬೈನ ಬೇಲಾಪುರದಲ್ಲಿ ಮಾಡಿದ್ದೇನು? ಒಂದರ ಗೋಡೆ ಇನ್ನೊಂದಕ್ಕೆ ತಾಗದ ಹಾಗೆ ಸಣ್ಣ ಸಣ್ಣ ಮನೆಗಳನ್ನು ಕಟ್ಟಿದರು. ಕೈಯಲ್ಲಿ ದುಡ್ಡು ಬಂದ ಹಾಗೆ ಮನೆಯವರು ಒಂದೊಂದೇ ಕೋಣೆ ಸೇರಿಸಿಕೊಳ್ಳಲಿ, ಪಕ್ಕದವರನ್ನು ಕೇಳುವ ಪ್ರಮೇಯ ಬರದಿರಲಿ ಅಂತ. ಮನೆ ಬೆಳೆಯುವುದೇ ಅವರ ವಿನ್ಯಾಸ. ನಾನು ವಿನ್ಯಾಸ ತೋರಿಸುತ್ತೇನೆ ಅಂತ ಹೋಗಿ, ಬೆಳೆದದ್ದರ ಗುರುತನ್ನೇ ಒರೆಸಿದ್ದೆ.

ಈಗ ಅಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾಳೆ ಆ ಮನೆಯವರು ಈ ಚಿತ್ರ ನೋಡಿದರೆ ಇದನ್ನು ಹುಡುಕುತ್ತಾರಾ? ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಚೀಲವನ್ನು ಯಾರೂ ಹುಡುಕುವುದಿಲ್ಲ. ಬೇರೆ ಯಾರೋ ನಿಲ್ಲಿಸಿ ಹೋದ ಗಾಡಿಯನ್ನೂ ಹುಡುಕುವುದಿಲ್ಲ. ಅದನ್ನು ಅಳಿಸುವ ಬದಲು ಅರ್ಧ ತಾಸು ಕಾದರೆ ತಾನೇ ಹೋಗುತ್ತದೆ, ಅದು ಇನ್ನೂ ಒಳ್ಳೆಯದು. ವೈರಿನ ವಿಷಯದಲ್ಲಿ ನನಗೆ ಇನ್ನೂ ಪೂರ್ತಿ ತೀರ್ಮಾನ ಆಗಿಲ್ಲ. ಎಂಜಿನಿಯರ್‌ಗಳು ದುಡ್ಡು ಕೊಟ್ಟು ತೆಗೆಸುವ ಫೋಟೋದಲ್ಲಿ ವೈರು ತೆಗೆದುಕೊಡುತ್ತೇನೆ. ಅವರು ಹಾಳೆಯ ಮೇಲೆ ಬರೆದ ಮನೆಗೆ ವೈರು ಇರಲಿಲ್ಲ, ಅವರಿಗೆ ಬೇಕಾದದ್ದು ಆ ಮನೆ. ಆದರೆ ಮುಟ್ಟದ ಫೈಲನ್ನು ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ. ಎರಡು ಹಾರ್ಡ್ ಡಿಸ್ಕಿನಲ್ಲಿ, ಒಂದು ಸ್ಟುಡಿಯೋದಲ್ಲಿ, ಒಂದು ಮನೆಯಲ್ಲಿ. ನನ್ನದೇ ಚಿತ್ರಗಳಲ್ಲಿ ವೈರು ಉಳಿಯುತ್ತದೆ. ಆಗ ಅದನ್ನು ಎಲ್ಲಿ ಹಾಯಿಸಬೇಕು ಅಂತ ನಿಲ್ಲುವ ಜಾಗದಲ್ಲೇ ಯೋಚಿಸಬೇಕಾಗುತ್ತದೆ. ಎರಡು ಹೆಜ್ಜೆ ಎಡಕ್ಕೆ ಸರಿದರೆ ವೈರು ಪ್ಯಾರಾಪೆಟ್ಟಿನ ಗೆರೆಗೆ ಸೇರಿ ಅಡಗುತ್ತದೆ. ಸಿಂಟೆಕ್ಸಿನ ಕರಿ ಬಣ್ಣವನ್ನು ಛಜ್ಜಾದ ಕರಿ ನೆರಳಿಗೆ ಜೋಡಿ ಮಾಡಬಹುದು. ಬ್ರಷ್ ಕೈಯಲ್ಲಿದ್ದಾಗ ಇದನ್ನೆಲ್ಲ ನಾನು ನೋಡುತ್ತಲೇ ಇರಲಿಲ್ಲ.

ಮಾರ್ಗಶಿರದಲ್ಲಿ

ಕಾರ್ಡ್ ಇಟ್ಟ ಫ್ರೇಮುಗಳ ಫೋಲ್ಡರ್ ಅಂದೆನಲ್ಲ. ಡಿಸೆಂಬರಿನಲ್ಲಿ ಹೊಸ ಡಿಸ್ಕಿಗೆ ಅದನ್ನು ಸಾಗಿಸುವಾಗ ಸುಮ್ನೆ ಕಣ್ಣಾಡಿಸುತ್ತಿದ್ದೆ. 2016, ಆಗಸ್ಟ್. ಒಂದು ಫ್ರೇಮಿನಲ್ಲಿ ಗ್ರೇ ಕಾರ್ಡ್ ಗೋಡೆಗೆ ಆನಿಸಿರಲಿಲ್ಲ. ಒಂದು ಕರಿ ಕಲ್ಲಿನ ಮೇಲೆ ಮಲಗಿಸಿ ಇಟ್ಟಿದ್ದೆ.

ಕ್ಯಾಮೆರಾ ಕೈಯಲ್ಲಿ ಹಿಡಿದು ತೆಗೆದದ್ದು. ಇಡೀ ಚಿತ್ರ ಬಲಕ್ಕೆ ವಾಲಿದೆ. ಗೋಡೆಯ ಗೆರೆ ಮೂಲೆಯಿಂದ ಮೂಲೆಗೆ ಇಳಿಜಾರು. ಫೋಕಸ್ ಕಾರ್ಡಿನ ಮೇಲಿದೆ, ಹಾಗಾಗಿ ಕಲ್ಲಿನ ಮುಂದಿನ ಅಂಚು ಮಾತ್ರ ನಿಚ್ಚಳ. ಎಡ ಮೂಲೆಯಲ್ಲಿ ನನ್ನ ಹೆಬ್ಬೆಟ್ಟಿನ ನೆರಳೂ ಬಿದ್ದಿದೆ. ಆದರೆ ಸಬಕಾರದ ಕಲೆ ಇದೆ, ಬುಡಕ್ಕೆ ಹತ್ತಿದ ಪಾಚಿ ಇದೆ. ನಾನು ಅದರಲ್ಲಿ ಏನೂ ತಿದ್ದಲಿಲ್ಲ. ವಾಲಿದ್ದನ್ನೂ ಹಾಗೇ ಬಿಟ್ಟೆ. ಎಂಟು ಇಂಚಿಗೆ ಹತ್ತು ಇಂಚು ಪ್ರಿಂಟ್ ಹಾಕಿ, ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ದೊಡ್ಡವ್ವನಿಗೆ ಕೊಟ್ಟೆ.

ಅವಳು ಬಾಯಿ ಬಿಡದೆ ಬಹಳ ಹೊತ್ತು ನೋಡಿದಳು. ಬೆರಳು ಈ ಸಲ ನೇರ ಕಲ್ಲಿನ ಬಲ ಮೂಲೆಗೆ ಹೋಯಿತು. ಅಲ್ಲೊಂದು ಚೂರು ಒಡೆದಿತ್ತು, ನಾನು ಗಮನಿಸಿಯೇ ಇರಲಿಲ್ಲ. "ಟ್ರ್ಯಾಕ್ಟರಿಗೆ ಏರಸೋ ಮುಂದ ಬಿದ್ದು ಮುಕ್ಕಾತು ಇದು. ನಿಮ್ಮ ದೊಡ್ಡಪ್ಪ ಎಷ್ಟು ಬೈದಿದ್ರು ಅವತ್ತ" ಅಂದಳು. ದೊಡ್ಡಪ್ಪ ತೀರಿಕೊಂಡು ಹನ್ನೊಂದು ವರ್ಷ. ಆಮೇಲೆ ಬೆರಳು ನಡುವಿಗೆ ಬಂತು.

"ಇದೇನು ಇದರ ಮ್ಯಾಲೆ, ಹಲಗಿ ಇಟ್ಟಂಗ?"

"ಬಣ್ಣ ಸರಿ ಐತೋ ಇಲ್ಲೋ ನೋಡಾಕ ಇಡೋ ಕಾರ್ಡ್ ಅದು ದೊಡ್ಡವ್ವ."

"ಅದರ ತಳಗ ತಗ್ಗ ಐತಿ. ಸವದ ತಗ್ಗ." ಸ್ವಲ್ಪ ತಡೆದು ಕೇಳಿದಳು, "ಆ ಕಾರ್ಡ್ ತಗಿಯಾಕ ಬರೂದಿಲ್ಲೇನು? ನೀ ಎಲ್ಲಾ ತಗೀತಿಯಲ್ಲ, ಕಂಪ್ಯೂಟರಿನ್ಯಾಗ."

ತೆಗೆಯಲು ಬರುತ್ತದೆ. ಸುತ್ತ ಗೆರೆ ಹಾಕಿದರೆ ಒಂದು ತಗ್ಗನ್ನು ಅದೇ ಮಾಡಿಕೊಡುತ್ತದೆ. ಕಲ್ಲಿಗೆ ಕಲ್ಲು, ಕಪ್ಪಿಗೆ ಕಪ್ಪು ಹೊಂದಿಸಿ. ನಾನು ಹಾಗೇ ಹೇಳಿದೆ. "ಬರತೈತಿ. ಆದರ ಆ ತಗ್ಗ ಕಂಪ್ಯೂಟರ್ ತಾನ ಮಾಡಿದ್ದು ಆಕ್ಕೈತಿ. ನಿಂದಲ್ಲ."

ದೊಡ್ಡವ್ವ ಕಾರ್ಡಿನ ಮೇಲೆ ಬೆರಳಿಟ್ಟುಕೊಂಡು ಯೋಚನೆ ಮಾಡಿದಳು.

"ಹಂಗಾರ ಬ್ಯಾಡ. ಇರಲಿ. ತಳಗ ಐತಿ ಅಂತ ನನಗ ಗೊತ್ತೈತಲ್ಲ" ಅಂದಳು. ಪ್ರಿಂಟನ್ನು ಟಿವಿಯ ಪಕ್ಕದಲ್ಲಿದ್ದ ಮನೆಯ ಫೋಟೋಕ್ಕೆ ಆನಿಸಿ ನಿಲ್ಲಿಸಿ, ಚಹಾ ಇಡಲು ಒಳಗೆ ಹೋದಳು.